ಕಾಳಜಿ ಮಾಡಬ್ಯಾಡ ಅನ್ನೂಕಿಂತ ಮೊದಲ

ಮಾವಿನಕಾಯಿ ಉಪ್ಪಿನಕಾಯಿ ಬಗ್ಗೆ ಬರೀತೀನಿ ಅಂತ ಹೋದ ಸಲ ಹೇಳಿದ್ದೆ. ಅದು ಇನ್ನೊಮ್ಮೆ ಆಗ್ಲಿ. ಒಂದು ಮಾತು ಬಹಳ ದಿನದಿಂದ ಎದಿಯಾಗ ಕೂತೈತಿ. ಅದನ್ನ ಹೊರಗ ಹಾಕಿದ ಮ್ಯಾಲೇನ ಉಪ್ಪು ಖಾರದ ಕಡೆ ನನ್ನ ಮನಸು ಹೊಳ್ಳೂದು.

ನಮ್ಮ ನೆಗೆಣ್ಣಿನ್ನ ಕೇಳೇ ಬರಿಯಾಕತ್ತೀನಿ. "ಹೆಸರೊಂದು ಹಾಕಬ್ಯಾಡ್ರಿ ಅಕ್ಕಾ, ಉಳಿದಿದ್ದೆಲ್ಲಾ ಬರೀರಿ, ಯಾರಿಗರೆ ಉಪಯೋಗಕ್ಕ ಬಂದೀತು" ಅಂದಾಳ. ಓದೋರಾಗ ಅರ್ಧಾ ಮಂದಿಗೆ ಆಕಿ ಯಾರು ಅಂತ ಗೊತ್ತ ಐತಿ. ಇರ್ಲಿ.

ಹೋದ ವರ್ಷದ ಹಿಂದಿನ ಶ್ರಾವಣದಾಗ ಒಂದು ಶನಿವಾರ. ಧಾರವಾಡದ ಜಿಟಿಜಿಟಿ ಮಳಿ ನಿಮಗೆ ಗೊತ್ತಲ್ಲ, ಹಾಕಿದ ಅರಿವಿ ಮೂರು ದಿನಾ ಒಣಗೂದಿಲ್ಲ. ಮರುದಿನ ನಮ್ಮ ಮನ್ಯಾಗ ಪ್ರಾರ್ಥನಾ ಕೂಟ. ಕೂಟ ಮುಗದ ಮ್ಯಾಲೆ ಮಂದಿ ಊಟಕ್ಕ ಕೂಡೋರು. ಹಿಂದಿನ ದಿನಾನ ನಲವತ್ತು ಜ್ವಾಳದ ರೊಟ್ಟಿ ಬಡದು ಒಣಗಿಸಿ ಇಡೂದು ಅಂತ ನಾ ಹಂಚಿನ ಮುಂದ ನಿಂತಿದ್ದೆ. ಬೆವರು ಇಳಿಯಾಕತ್ತಿತ್ತು, ಹಿಟ್ಟು ನಾದಿದ್ದು ಸ್ವಲ್ಪ ಹರಿದು ಹರಿದು ಬರಾಕತ್ತಿತ್ತು, ಸಿಟ್ಟಿನ್ಯಾಗ ಇದ್ದೆ. ಅಷ್ಟರಾಗ ಆಕಿ ಬಂದು ಅಡಗಿಮನಿ ಬಾಗಲಾ ಹಿಡಕೊಂಡು ನಿಂತ್ಲು.

"ಅಕ್ಕಾ, ಎಡಗಡೆ ಎದಿಯಾಗ ಒಂದು ಗಂಟು ಆದಂಗ ಆಗೈತ್ರಿ. ಜಳಕಾ ಮಾಡೂಮುಂದ ಕೈಗೆ ಹತ್ತಿತು. ಕಡ್ಲಿಕಾಳಿನಷ್ಟ."

"ನೋವು ಐತೇನ?"

"ಇಲ್ರಿ."

"ನೋವಿಲ್ಲಂದ ಮ್ಯಾಲೆ ಮತ್ತೇನ. ಕಾಳಜಿ ಮಾಡಬ್ಯಾಡ. ಪ್ರಾರ್ಥನಾ ಮಾಡು, ದೇವರು ನೋಡ್ಕೋತಾನ."

ಈ ಮಾತು ಹೇಳೂಮುಂದ ನಾ ಆಕಿ ಮಾರಿ ನೋಡ್ಲಿಲ್ಲ. ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಾಕತ್ತಿದ್ದೆ. ಆಕಿ "ಹೂಂ" ಅಂದ್ಲು. ಒಂದು ಗಳಿಗಿ ನಿಂತ್ಲು. ಆಮ್ಯಾಲೆ ಅಲ್ಲೇ ಇದ್ದ ಕೊತ್ತಂಬರಿ ಕಟ್ಟು ತಗೊಂಡು, ಕೂತು, ಸೋಸಿ ಕೊಟ್ಟು ಹೋದ್ಲು.

ಏಳು ತಿಂಗಳಾತು. ನಾನೂ ಮತ್ತ ಕೇಳ್ಲಿಲ್ಲ, ಆಕೀನೂ ಮತ್ತ ಹೇಳ್ಲಿಲ್ಲ. ಈಸ್ಟರ್ ಹತ್ತಿರ ಬಂದಾಗ ಕುಪ್ಪಸಾ ಹೊಲಿಸಾಕ ಹೋದಲ್ಲೆ ಅಳತಿ ತಗೊಳ್ಳಾಕಿ ನೋಡಿ, "ಇದೇನ್ರಿ ಬಾಯಾರ, ಇಲ್ಲೆ ಚರ್ಮಾ ಒಳಗ ಜಗ್ಗಿದಂಗ ಆಗೈತಿ" ಅಂತ ಕೇಳಿದ್ಲಂತ. ಆಗ ಕಡ್ಲಿಕಾಳು ನೆಲ್ಲಿಕಾಯಿ ಆಗಿತ್ತು. ಕಂಕಳದಾಗೂ ಒಂದು ಗಂಟು ಬಂದಿತ್ತು.

ನವನಗರದ ಕ್ಯಾನ್ಸರ್ ದವಾಖಾನಿಗೆ ಹೋದ್ವಿ. ಫೋಟೋ ತಗದ್ರು, ಸೂಜಿ ಹಾಕಿ ತುಣುಕು ತಗದು ಪರೀಕ್ಷೆಕ್ಕ ಕಳಿಸಿದ್ರು. ಆಪರೇಶನ್ ಆತು, ಆಮ್ಯಾಲೆ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ಸೊಂಟದ ತನಕಾ ಇದ್ದ ಕೂದ್ಲಾ ದಿಂಬಿನ ಮ್ಯಾಲೆ ಬಿತ್ತು. ನಡುವ ಒಂದಿನ ಡಾಕ್ಟರಬಾಯಿ ಫೈಲ್ ತಿರಿವಿಹಾಕ್ಕೋತ, "ಗಂಟು ಯಾವಾಗ ಗೊತ್ತಾತು?" ಅಂತ ಕೇಳಿದ್ರು. ಆಕಿ "ಏಳೆಂಟು ತಿಂಗಳಾತ್ರಿ" ಅಂದ್ಲು. "ಆಗ ಯಾಕ ಬರ್ಲಿಲ್ಲ?" ಅಂದ್ರು. ನಾ ಬಾಜೂಕ ಕುರ್ಚಿ ಮ್ಯಾಲೆ ಕೂತಿದ್ದೆ. ಆಕಿ ನನ್ನ ಕಡೆ ನೋಡ್ಲಿಲ್ಲ. "ಮನೀ ಕೆಲಸದಾಗ ಆಗ್ಲಿಲ್ರಿ" ಅಂದ್ಲು.

ಆ ಸುಳ್ಳು ನನ್ನ ಸಲುವಾಗಿ ಹೇಳಿದ್ದು. ಅದು ನನಗ ಚುಚ್ಚಿದಷ್ಟು ಯಾರ ಬೈಗುಳಾನೂ ಚುಚ್ಚಿಲ್ಲ.

ಈಗ ಆಕಿ ಛಲೋ ಅದಾಳ, ಅದನ್ನ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ಬೆಳಗಾವಿ ಕಾಕು ಅರ್ಧಾ ಓದಿ ಫೋನ್ ಮಾಡ್ತಾರ. ದಿನಾ ಒಂದು ಗುಳಿಗಿ, ಮೂರು ತಿಂಗಳಿಗೊಮ್ಮೆ ತಪಾಸಣಿ. ಕೂದ್ಲಾ ಗುಂಗುರು ಗುಂಗುರಾಗಿ ಬಂದೈತಿ, ಮೊದಲಿನಕಿಂತ ಚಂದ ಕಾಣತೈತಿ ಅಂತ ನಾನs ಅಂತೀನಿ.

ನಮ್ಮ ಮಾತಿನ್ಯಾಗ ಒಂದು ವಿಚಿತ್ರ ಐತಿ, ನೀವು ಗಮನಿಸೀರಿಲ್ಲೋ. ಕಾಳಜಿ ಅನ್ನೂ ಶಬ್ದಕ್ಕ ನಮ್ಮ ಕಡೆ ಎರಡು ಅರ್ಥ. "ಮಗಳದು ಕಾಳಜಿ ಹತ್ತೈತಿ" ಅಂದ್ರ ಚಿಂತಿ. "ಅವರು ಅತ್ತಿ ಕಾಳಜಿ ಬಹಳ ತಗೋತಾರ" ಅಂದ್ರ ಆರೈಕಿ. ಮರಾಠಿಯಿಂದ ಬಂದ ಶಬ್ದ, ಅಲ್ಲೂ ಹಂಗs ಐತಿ. ಬೆಂಗಳೂರು ಕಡೆಯವರಿಗೆ ಎರಡನೇದು ಅಷ್ಟ ಗೊತ್ತು. "ಕಾಳಜಿ ಮಾಡಬ್ಯಾಡ್ರಿ" ಅಂತ ನಾವು ಅಂದ್ರ, ಇವರ್ಯಾಕ ಆರೈಕಿ ಬ್ಯಾಡ ಅಂತಾರ ಅಂತ ಮಾರಿ ನೋಡ್ತಾರ. ನಮ್ಮ ಸೊಸಿ ಮೈಸೂರಾಕಿ, ಲಗ್ನಾದ ಹೊಸದ್ರಾಗ ಹಂಗs ನೋಡ್ತಿದ್ಲು.

ಈಗ ನನಗನಸ್ತೈತಿ, ಆಕಿ ಕೇಳಿದ್ದು ಸರಿನs ಇತ್ತು. ನಾ ಅವತ್ತು ನೆಗೆಣ್ಣಿಗೆ ಹೇಳಿದ್ದು ಅದನ್ನs. ಮೊದಲನೇ ಕಾಳಜಿ ಬಿಡು ಅಂತ ಹೇಳಿ ಎರಡನೇದನ್ನೂ ಕಸಗೊಂಡೆ. ಆ ಗಂಟಿನ ಚಿಂತಿ ಆಕೀಗೆ ಬ್ಯಾಡಾದ ಹೊರಿ ಆಗಿರ್ಲಿಲ್ಲ. ಮೈ ತಾನ ಬಾಗಲಾ ಬಡಿಯಾಕತ್ತಿತ್ತು. ಬಡಿಯೋರು ಯಾರು ಅಂತ ನೋಡೂ ಬದ್ಲು ನಾ ಚಿಲಕಾ ಹಾಕಿಸಿದೆ, ಅದೂ ದೇವರ ಹೆಸರಿನ್ಯಾಗ.

ನನ್ನ ಅಭಿಪ್ರಾಯ ಇಷ್ಟ, ಒಪ್ಪದಿದ್ದವರು ಮನಿಗೆ ಬಂದು ಜಗಳಾಡ್ರಿ, ಚಾ ಮಾಡ್ತೀನಿ. ನಾವು ವಿಶ್ವಾಸಿ ಹೆಣ್ಮಕ್ಕಳು "ಚಿಂತಿ ಬ್ಯಾಡ, ದೇವರ ಮ್ಯಾಲೆ ಭಾರಾ ಹಾಕು" ಅನ್ನೂ ಮಾತನ್ನ ಬಹಳ ಸೋವಿ ಮಾಡೀವಿ. ಎದುರಿಗೆ ನಿಂತಾಕಿಯ ಭಾರದ ಒಂದು ಮೂಲಿ ನಾವು ಹಿಡಿಯೂ ತನಕಾ ಆ ಮಾತು ಹೇಳೂ ಹಕ್ಕು ನಮಗಿಲ್ಲ.

ಮತ್ತಾಯನ ಆರನೇ ಅಧ್ಯಾಯ ತಗದು ತೋರಸ್ತಾರ, ಪಕ್ಷಿಗಳನ್ನ ನೋಡು, ಹೂವು ನೋಡು ಅಂತ. ನಮ್ಮ ಅತ್ತಿಯವರು ಇದ್ದಾಗ ಗ್ವಾಡಿ ಮ್ಯಾಲೆ ಚೌಕಟ್ಟು ಹಾಕಿ ತೂಗಹಾಕಿದ್ರು. ನಾನೇನ ಆ ಮಾತು ಸುಳ್ಳು ಅನ್ನೂದಿಲ್ಲ. ಆದ್ರ ಹೇಳಿದವನು ಯಾರು, ಮುಂದ ಏನ ಮಾಡಿದಾ ಅನ್ನೂದನ್ನೂ ನೋಡ್ಬೇಕಲ್ಲ. ಏನ ಉಣ್ಣೂನು ಅಂತ ಚಿಂತಿ ಮಾಡಬ್ಯಾಡ್ರಿ ಅಂದಾತನs ಮುಂದ ಅಡವ್ಯಾಗ ಸಂಜಿಮಾಡಿ ಹಸದು ಕೂತ ಮಂದೀನ್ನ ನೋಡಿದಾ. ಶಿಷ್ಯರು, ಇವರನ್ನ ಕಳಿಸಿಬಿಡ್ರಿ, ಊರಾಗ ಹೋಗಿ ಏನರೆ ಕೊಂಡ್ಕೊಂಡು ತಿಂತಾರ ಅಂದ್ರು. ಆತ ಆ ಮಂದಿಗೆ, ಹಸಿವಿನ ಚಿಂತಿ ಬ್ಯಾಡ, ಮನಿಗೆ ಹೋಗಿ ಪ್ರಾರ್ಥನಾ ಮಾಡ್ರಿ ಅನ್ಲಿಲ್ಲ. ನೀವs ಕೊಡ್ರಿ ಉಣ್ಣಾಕ ಅಂತ ಶಿಷ್ಯರ ಕಡೆ ಹೊಳ್ಳಿದಾ. ಐದು ರೊಟ್ಟಿ, ಎರಡು ಮೀನು. ಆಮ್ಯಾಲಿನ ಕಥಿ ಸಂಡೇಸ್ಕೂಲಿನ ಮಕ್ಕಳಿಗೂ ಗೊತ್ತೈತಿ.

ಅಲ್ಲೆ ಸುವಾರ್ತಿಯೊಳಗ ಒಂದು ಮಾತು ಐತಿ, ಮಂದೀನ್ನ ನೋಡಿ ಆತ ಕನಿಕರಪಟ್ಟಾ ಅಂತ. ಗ್ರೀಕ್ ಭಾಷಾದಾಗ ಆ ಕನಿಕರ ಅನ್ನೂ ಶಬ್ದ ಹುಟ್ಟಿದ್ದು ಕರುಳು ಅನ್ನೂ ಶಬ್ದದಿಂದ ಅಂತ ಒಮ್ಮೆ ಬೈಬಲ್ ಕ್ಲಾಸಿನ್ಯಾಗ ಹೇಳಿದ್ರು. ಗಂಡಸರೆಲ್ಲಾ ಆಶ್ಚರ್ಯಪಟ್ಟು ಬರಕೊಂಡ್ರು. ನಾವು ಹೆಣ್ಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ವಿ. ಕರುಳು ಚುರ್ ಅಂತು ಅಂತ ನಮ್ಮವ್ವ, ನಮ್ಮಜ್ಜಿ ಎಲ್ಲಾರೂ ಅಂತಿದ್ರು, ಇದರಾಗ ಬರಕೊಳ್ಳೂದೇನೈತಿ? ಆದ್ರ ನೋಡ್ರಿ, ನಾನೂ ಆವತ್ತು ನಕ್ಕಾಕಿನ. ಶನಿವಾರ ಹಂಚಿನ ಮುಂದ ನನ್ನ ಕರುಳು ಚುರ್ ಅನ್ಲಿಲ್ಲ. ನಲವತ್ತು ರೊಟ್ಟಿ ಅಡ್ಡ ನಿಂತಿದ್ವು.

ಮಾರ್ಥಾ ಮರಿಯಾ ಕಥಿ ಕೇಳಿದಾಗೆಲ್ಲಾ ನನಗ ಸಿಟ್ಟು ಬರ್ತಿತ್ತು, ಖರೆ ಹೇಳ್ತೀನಿ. ಮನಿಗೆ ಅಷ್ಟು ಮಂದಿ ಬಂದಾರ, ಒಬ್ಬಾಕಿ ಅಡಗಿ ಮಾಡ್ಬೇಕು, ಇನ್ನೊಬ್ಬಾಕಿ ಕಾಲ ಬುಡಕ ಕೂತು ಮಾತು ಕೇಳ್ಬೇಕು, ಬೈಗುಳಾ ಮಾತ್ರ ಅಡಗಿ ಮಾಡಿದಾಕಿಗೆ. ಉಂಡು ಕೈ ತೊಳಕೊಂಡ ಗಂಡಸರು ಪ್ರಸಂಗದಾಗ ಮಾರ್ಥಾನ್ನ ಬೈತಾರಲ್ಲ ಅಂತ ಬಾಜೂಕಿನಾಕಿ ಕಿವ್ಯಾಗ ಅಂದೇನಿ, ಎಷ್ಟೋ ಸಲ. ಈಗ ಆ ಸಿಟ್ಟು ಪೂರಾ ಹೋಗಿಲ್ಲ, ಆದ್ರ ಅರ್ಧಾ ಇಳದೈತಿ. ಅಡಗಿ ತಪ್ಪಲ್ಲ. ಅಡಗಿಮನಿ ಬಾಗಲದಾಗ ಒಬ್ಬಾಕಿ ಜೀವಾ ಕೈಯಾಗ ಹಿಡಕೊಂಡು ನಿಂತಾಗ ಹಂಚಿನ ಕಡೆನ ನೋಡೂದು ತಪ್ಪು. ಒಂದು ರೊಟ್ಟಿ ಸುಡ್ತಿತ್ತು. ಸುಡ್ಲಿ ಅನ್ಬೇಕಿತ್ತು.

ಅದs ಮಾರ್ಥಾ ಯೋಹಾನನ ಹನ್ನೊಂದನೇ ಅಧ್ಯಾಯದಾಗ ಮತ್ತ ಬರ್ತಾಳ, ಅದನ್ನ ಪ್ರಸಂಗದಾಗ ಅಷ್ಟು ಹೇಳೂದಿಲ್ಲ. ತಮ್ಮ ಲಾಜರ ಸತ್ತು ನಾಕು ದಿನಾ ಆಗೈತಿ. ಯೇಸುಸ್ವಾಮಿ ಬರಾಕತ್ತಾನ ಅಂತ ಕೇಳಿದ ಕೂಡ್ಲೆ ಎದ್ದು ಊರ ಹೊರಗ ಹೋಗಿ, ನೀ ಇಲ್ಲಿ ಇದ್ದಿದ್ರ ನನ್ನ ತಮ್ಮ ಸಾಯ್ತಿರ್ಲಿಲ್ಲ ಅಂತ ಎದುರಿಗೇ ಅಂತಾಳ. ಇದು ದೂರು ಅಲ್ಲಂದ್ರ ಮತ್ತೇನ? ಆತ ಸಿಟ್ಟಿಗೆ ಬರೂದಿಲ್ಲ. ವಿಶ್ವಾಸ ಸಾಲದು ಅನ್ನೂದಿಲ್ಲ. ಸಮಾಧಿ ಕಡೆ ಹೋಗೂಮುಂದ ಅಳ್ತಾನ. ಇನ್ನೊಂದು ಗಳಿಗಿಗೆ ತಾನs ಎಬ್ಬಸಾಂವ ಇದ್ದಾನ, ಆತಗ ಅದು ಗೊತ್ತೈತಿ, ಆದ್ರೂ ಅಳ್ತಾನ. ಎಲ್ಲಾ ಸರಿ ಆಗತೈತಿ ಅಂತ ಗೊತ್ತಿದ್ದಾಂವ ಅಳೂದು ಬ್ಯಾಡ ಅನ್ಲಿಲ್ಲ. ಏನೂ ಗೊತ್ತಿಲ್ಲದ ನಾ ಅಂದೆ.

ಚಿತೆಗೂ ಚಿಂತೆಗೂ ಒಂದು ಸೊನ್ನಿ ಅಷ್ಟ ವ್ಯತ್ಯಾಸ ಅಂತ ನಮ್ಮ ಹಿರೇರು ಹೇಳ್ತಾರ, ಅದೂ ಖರೆನ. ರಾತ್ರಿ ಎರಡಕ್ಕ ಎದ್ದು ಮಾಳಗಿ ನೋಡಿಕೋತ ಕೂಡೂ ಚಿಂತಿ ಯಾರಿಗೂ ಬ್ಯಾಡ. ನಮ್ಮ ಓಣಿ ಹಿರೇ ಬಾಯಾರೊಬ್ಬರು ನನ್ನ ಈ ಮಾತು ಕೇಳಿ, "ಹಂಗಾರ ಎಲ್ಲಾರೂ ಚಿಂತಿ ಮಾಡ್ಕೋತ ಕೂಡೂದೇನ? ನಂಬಿಕಿ ಅಂದ್ರ ಮತ್ತೇನವ್ವಾ?" ಅಂತ ಕೇಳಿದ್ರು. ಸರಿಯಾದ ಪ್ರಶ್ನೆ. ಅದಕ್ಕ ಉತ್ತರಾ ನನ್ನ ಕಡೆ ಇರ್ಲಿಲ್ಲ, ನೆಗೆಣ್ಣಿ ಕಡೆ ಇತ್ತು. ಆಪರೇಶನ್ ಹಿಂದಿನ ರಾತ್ರಿ ನಾ ಆಕಿ ಮಂಚದ ಬಾಜೂಕ ಚಾಪಿ ಹಾಸಿಕೊಂಡಿದ್ದೆ. ದೀಪಾ ಆರಿಸಿದ್ರು. ಕತ್ತಲದಾಗ ಆಕಿ, "ಅಕ್ಕಾ, ಹೆದ್ರಿಕಿ ಬಹಳ ಆಗೈತ್ರಿ" ಅಂದ್ಲು. ಈ ಸಲ ನಾ ಬಾಯಿ ಮುಚ್ಚಿಕೊಂಡು ಇದ್ದೆ. ಸ್ವಲ್ಪ ಹೊತ್ತು ಬಿಟ್ಟು ಆಕೀನ, "ನಂಬಿಕೀನೂ ಐತ್ರಿ. ಎರಡೂ ಒಂದs ಹಾಸಿಗ್ಯಾಗ ಮಲಗ್ಯಾವು" ಅಂದ್ಲು. ಆಮ್ಯಾಲೆ ನಿದ್ದಿ ಹತ್ತಿತು ಆಕೀಗೆ. ನನಗ ಹತ್ಲಿಲ್ಲ.

ಮಾರ್ಕನ ಸುವಾರ್ತಿಯೊಳಗ ಒಬ್ಬ ಅಪ್ಪ ಇದ್ದಾನ, ಮಗನ ಬ್ಯಾನಿ ಸಲುವಾಗಿ ಬಂದಾಂವ. ನಂಬ್ತೀನಿ ಅಂತಾನ, ಅದs ಉಸಿರಿನ್ಯಾಗ ನನ್ನ ಅಪನಂಬಿಕಿಗೆ ಸಹಾಯ ಮಾಡು ಅಂತಾನ. ಮೊದಲ ಅಪನಂಬಿಕಿ ಬಿಟ್ಟು ಬಾ, ಆಮ್ಯಾಲೆ ನೋಡೂನು ಅಂತ ಅವನನ್ನ ಕಳಿಸ್ಲಿಲ್ಲ. ಹುಡುಗನ್ನ ನೆಟ್ಟಗ ಮಾಡಿ ಕೈ ಹಿಡದು ಎಬ್ಬಿಸಿದಾ. ನಮ್ಮ ಓಣಿ ಬಾಯಾರಿಗೆ ನಾ ಇದನ್ನs ಹೇಳಿದೆ. "ಓದಿದಾಕಿ ನೀ, ನಿನ್ನ ಜೊತಿ ಯಾರ ಮಾತಾಡಬೇಕು" ಅಂತ ಎದ್ದು ಹೋದ್ರು. ಮರುದಿನ ಹುಳಿಬಾನ ಕಳಿಸಿದ್ರು, ಅಂದ್ರ ಅರ್ಧಾ ಒಪ್ಯಾರ.

ಇನ್ನ ಹಳಹಳಿ ಬಗ್ಗೆ. ಇದನ್ನ ಬರಿಯಾಕs ಇಷ್ಟು ದಿನಾ ಬೇಕಾತು.

ರಿಪೋರ್ಟ್ ಬಂದ ದಿನದಿಂದ ನಾ ಅಳಾಕ ಚಾಲೂ ಮಾಡಿದ್ದೆ. ಪಾತ್ರಿ ತಿಕ್ಕೂಮುಂದ ಅಳು, ಸಭಾದಾಗ ಪಾಪಾರಿಕೆ ಹೇಳೂಮುಂದ ಅಳು. ಹೋಗ್ಲಿ, ಆಕಿ ಮುಂದೂ ಅಳೂದು. ಕೀಮೋ ಮುಗಿಸಿ ವಾಂತಿ ಮಾಡ್ಕೊಂಡು ಸಾಕಾಗಿ ಮಲಗಿದಾಕಿ ಮುಂದ ಕೂತು "ನಂದ ತಪ್ಪು, ನಂದ ತಪ್ಪು" ಅಂತ ಎದಿ ಬಡಕೊಳ್ಳೂದು. ಮೂರು ಸಲ ಸುಮ್ಮನಿದ್ಲು. ನಾಕನೇ ಸಲ, ಬಕೆಟ್ ದೂಡಿ, "ಅಕ್ಕಾ, ನೀವ ಹಿಂಗ ಅತ್ರ ನಾ ನಿಮ್ಮನ್ನ ಸಮಾಧಾನ ಮಾಡ್ಲ್ಯೋ, ನನ್ನ ಸಂಕಟಾ ನೋಡ್ಕೊಳ್ಲ್ಯೋ? ಹೋಗಿ ಒಂದೀಟು ಗಂಜಿ ಮಾಡ್ಕೊಂಡು ಬರ್ರಿ. ಉಪ್ಪು ಕಡಿಮಿ ಹಾಕ್ರಿ" ಅಂದ್ಲು.

ಗಂಜಿ ಕಾಸೂಮುಂದ ನನಗ ಪೇತ್ರ ನೆನಪಾದಾ.

ಇದನ್ನ ನೀವು ಬೈಬಲ್ ತಗದು ಓದ್ರಿ, ಅಡಗಿ ಮಾಡೂ ಕೈಯವರಿಗೆ ಇದು ಬ್ಯಾರೆ ಥರಾ ತಿಳೀತೈತಿ. ಯೇಸುನ್ನ ಹಿಡದ ರಾತ್ರಿ ಚಳಿ ಇತ್ತು, ಅಂಗಳದಾಗ ಇದ್ದಲಿ ಬೆಂಕಿ ಹಾಕಿದ್ರು, ಪೇತ್ರ ಅಲ್ಲೆ ಕೈ ಕಾಸಿಕೋತ ನಿಂತು ಆತ ಯಾರೋ ನನಗ ಗೊತ್ತಿಲ್ಲ ಅಂದ. ಮೂರು ಸಲ. ಆಮ್ಯಾಲೆ ಕೋಳಿ ಕೂಗಿತು, ಹೊರಗ ಹೋಗಿ ಅತ್ತ. ಇದು ಎಲ್ಲಾರಿಗೂ ಗೊತ್ತು. ಯೋಹಾನನ ಕಡೀ ಅಧ್ಯಾಯದಾಗ ಸತ್ತು ಎದ್ದು ಬಂದ ಯೇಸುಸ್ವಾಮಿ ತಿಬೇರಿಯ ಸಮುದ್ರದ ದಂಡಿ ಮ್ಯಾಲೆ ಮತ್ತ ಇದ್ದಲಿ ಬೆಂಕಿನs ಹಾಕಿ ಕೂತಾನ. ಅದರ ಮ್ಯಾಲೆ ಮೀನು, ಬಾಜೂಕ ರೊಟ್ಟಿ. ಶಿಷ್ಯರ ಬಲಿಯಾಗ ಬಿದ್ದಿದ್ದು 153 ಮೀನು ಅಂತ ಲೆಕ್ಕಾನೂ ಬರದಾರ. ರಾತ್ರಿಯೆಲ್ಲಾ ನೀರಾಗ ಇದ್ದು ನಡುಗಿಕೋತ ಬಂದ ಗಂಡಸರಿಗೆ ಬರ್ರಿ ನಾಷ್ಟಾ ಮಾಡ್ರಿ ಅಂತ ಕರೀತಾನ. ಅದs ಬೆಂಕಿ ವಾಸನಿಗೆ ಪೇತ್ರನ ಹೊಟ್ಟಿಯೊಳಗ ಏನಾಗಿರಬೇಕು ಅಂತ ನಾ ಗಂಜಿ ತಿರುವಿಕೋತ ವಿಚಾರ ಮಾಡಿದೆ. ಮೊದಲ ಉಣಿಸಿದ. ಉಂಡ ಮ್ಯಾಲೆ ಕೇಳಿದ. ಅದೂ ಯಾಕ ಹಂಗ ಮಾಡಿದಿ ಅಂತಲ್ಲ. ನನ್ನ ಮ್ಯಾಲೆ ಪ್ರೀತಿ ಐತೇನ ಅಂತ, ಮೂರು ಸಲ. ಪ್ರತೀ ಸಲಾನೂ ಒಂದು ಕೆಲಸಾ ಹಚ್ಚಿದ, ನನ್ನ ಕುರಿ ನೋಡ್ಕೊ ಅಂತ.

ಇನ್ನೊಬ್ಬ ಇದ್ದ, ಯೂದ. ಅವನ ಬಗ್ಗೆ ಹಿಂಗ ಬರದ್ರ ಅಯ್ಯನವರು ಏನಂತಾರೋ ಗೊತ್ತಿಲ್ಲ. ಆದ್ರ ಮತ್ತಾಯನ ಇಪ್ಪತ್ತೇಳನೇ ಅಧ್ಯಾಯದಾಗ ಅವನೂ ಹಳಹಳಿಸಿದ ಅಂತನs ಐತಿ. ಮೂವತ್ತು ಬೆಳ್ಳಿ ನಾಣ್ಯಾ ಹೊಳ್ಳಿ ತಗೊಂಡು ಯಾಜಕರ ಕಡೆ ಹೋದ, ನಾ ಪಾಪಾ ಮಾಡೀನಿ ಅಂತ ಬಾಯಿಬಿಟ್ಟು ಹೇಳಿದ. ದೇವಾಲಯದ ದೊಡ್ಡ ಮಂದಿ ಅವರು. ಅದು ನಮಗ್ಯಾಕ, ನೀನs ನೋಡ್ಕೊ ಅಂದ್ರು. ರೊಕ್ಕಾ ಒಗದು ಹೋಗಿ ಉರ್ಲು ಹಾಕ್ಕೊಂಡ. ಅವನ ಪಾಪಾ ಸಣ್ಣದು ಅಂತ ನಾ ಹೇಳಾಕತ್ತಿಲ್ಲ. ಹಳಹಳಿ ಹೊತ್ತುಕೊಂಡು ಬಂದವನಿಗೆ ಒಬ್ಬರು ಬಾಗಲಾ ಹಾಕಿದ್ರು, ಇನ್ನೊಬ್ಬನಿಗೆ ಬೆಂಕಿ ಹಚ್ಚಿ ಮೀನು ಸುಟ್ಟು ಇಟ್ಟಿದ್ರು ಅನ್ನೂದನ್ನ ಅಷ್ಟ ಹೇಳ್ತೀನಿ. ನಮ್ಮ ಸಭಾದಾಗ, ನಮ್ಮ ಮನ್ಯಾಗ, ತಪ್ಪು ಮಾಡಿ ಬಂದಾಕಿಗೆ ನಾವು ಯಾವುದನ್ನ ಮಾಡ್ತೀವಿ? ಓಡಿಹೋಗಿ ಲಗ್ನಾ ಮಾಡ್ಕೊಂಡು ಆರು ತಿಂಗಳಿಗೆ ಹೊಳ್ಳಿ ಬಂದ ಹುಡಿಗಿ ಕ್ರಿಸ್‌ಮಸ್‌ಕ್ಕ ಹಿಂದಿನ ಬೆಂಚಿನ ಮ್ಯಾಲೆ ಒಬ್ಬಾಕಿನs ಕೂತಿದ್ಲಲ್ಲ, ಆಕಿ ಬಾಜೂಕ ಯಾರ ಕೂತ್ರಿ? ನಾನೂ ಕೂಡ್ಲಿಲ್ಲ, ಅದಕ್ಕ ಕೇಳಾಕತ್ತೀನಿ.

ನೆಗೆಣ್ಣಿ ನನಗ ಬಕೆಟ್ ದೂಡಿ ಗಂಜಿ ಮಾಡಾಕ ಹಚ್ಚಿದ್ಲು. ಕ್ಷಮಿಸೀನಿ ಅಂತ ಬಾಯಿಲೆ ಇವತ್ತಿನ ತನಕಾ ಹೇಳಿಲ್ಲ. ಉಪ್ಪು ಕಡಿಮಿ ಹಾಕ್ರಿ ಅಂದ್ಲು.

ಆಮ್ಯಾಲೆ ಒಂದಿನಾ ಧೈರ್ಯಾ ಮಾಡಿ ಕೇಳಿದೆ, ಆವತ್ತು ಶನಿವಾರ ನನ್ನ ಕಡೆ ಏನ ಕೇಳಾಕ ಬಂದಿದ್ದಿ ಅಂತ. ಸಾವಿನ ಹೆದ್ರಿಕಿ, ದೇವರ ಚಿತ್ತ, ಅಂಥಾದ್ದೇನರೆ ಅಂತಾಳ ಅಂದ್ಕೊಂಡಿದ್ದೆ. ಆಕಿ ನಕ್ಕು ಹೇಳಿದ್ಲು. ಗಂಡು ಡಾಕ್ಟರಿಗೆ ತೋರಸಾಕ ನಾಚಿಕಿ, ಹೆಣ್ಣು ಡಾಕ್ಟರ್ ಎಲ್ಲೆ ಅದಾರ ಅಂತ ಗೊತ್ತಿರ್ಲಿಲ್ಲ. ಒಬ್ಬಾಕಿನs ಹೋಗಾಕ ಮನಸಿರ್ಲಿಲ್ಲ. ಮೈದುನಗ ಹೇಳಿದ್ರ ಅವನಿಗೆ ಬಿಪಿ. ಖರ್ಚು ಎಷ್ಟಾಗತೈತೋ ಅಂತ. ಮಗಳದು ಪಿಯುಸಿ ಎರಡನೇ ವರ್ಷ, ಆಕಿ ಡಬ್ಬಿ ಯಾರ ಕಟ್ಟಬೇಕು ಅಂತ. ಇಷ್ಟ. ಐದು ಚಿಂತಿ. ಹಂಚು ಇಳಿಸಿ ಹದಿನೈದು ಮಿನಿಟು ಕೂತಿದ್ರ ಐದಕ್ಕೂ ದಾರಿ ಸಿಗ್ತಿತ್ತು. ನನಗ ಹೆಣ್ಣು ಡಾಕ್ಟರ್ ಗೊತ್ತಿದ್ರು. ಡಬ್ಬಿ ನಾ ಕಟ್ತಿದ್ದೆ. ಅವರ ಮನ್ಯಾಗ ಬಿಪಿಎಲ್ ಕಾರ್ಡು ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನಾದಾಗ ಅಂಥಾ ಮನಿಗೆ ವರ್ಷಕ್ಕ 5 ಲಕ್ಷದ ತನಕಾ ಚಿಕಿತ್ಸೆ ಸಿಗತೈತಿ ಅಂತ ನಮ್ಮ ಮನಿಯವರಿಗೆ ಗೊತ್ತಿತ್ತು. ದೇವರು ನೋಡ್ಕೋತಾನ ಅಂದ್ನೆಲ್ಲ, ನೋಡ್ಕೊಳ್ಳಾಕ ಅಂತ ಆತ ಆಕೀನ್ನ ನನ್ನ ಬಾಗಲಿಗೇ ಕಳಿಸಿದ್ದ.

ನಮ್ಮ ಹಿರೇರ ಕಥಿ ತಗೋರಿ. ಬಾಸೆಲ್ ಮಿಶನ್ನವರು 1834ರಾಗ ಮಂಗಳೂರಿಗೆ, 1837ರಾಗ ನಮ್ಮ ಧಾರವಾಡಕ್ಕ ಬಂದ್ರು. ಅವರ ತಪ್ಪು ಹಿಡಿಯಾಕ ಬೇಕಾದಷ್ಟು ಅದಾವು, ಅದು ಬ್ಯಾರೆ ಮಾತು. ಆದ್ರ ಹೊಸದಾಗಿ ಸಭಾಕ್ಕ ಸೇರಿದವರು ಮನಿ ಮಠಾ, ಕಸಬು ಕಳಕೊಂಡು ನಿಂತಾಗ, ಕರ್ತನ ಮ್ಯಾಲೆ ಭಾರಾ ಹಾಕ್ರಿ ಅಂತ ಪ್ರಸಂಗ ಮಾಡಿದವರು ಮಗ್ಗಾನೂ ಹಾಕಿಕೊಟ್ರು. ಮಂಗಳೂರಾಗ ಹಂಚಿನ ಕಾರಖಾನಿ ತಗದಿದ್ದು 1865ರಾಗ. ನಮ್ಮ ಹಳೇ ಮನಿ ಮಾಡಿನ ಮ್ಯಾಲೆ ಇರೂವು ಮಂಗಳೂರು ಹಂಚುಗಳs. ಮಳಿ ಸೋರಿದಾಗೆಲ್ಲಾ ನಾ ಬೈಕೋತ ಹತ್ತಿ ಸರಿ ಮಾಡಸ್ತೀನಿ, ಆದ್ರ ಆ ಹಂಚು ಸುಟ್ಟ ಕೂಲಿಯೊಳಗ ಎಷ್ಟು ಮನಿ ಉಂಡಾವೋ.

ಈಗ ನಮ್ಮ ಹೆಣ್ಮಕ್ಕಳ ಕೂಟದಾಗ ಒಂದು ಸಣ್ಣ ಬದಲಾವಣಿ ಮಾಡೀವಿ. ಮೊದಲ ಪ್ರಾರ್ಥನಾ ವಿಷಯ ಅಂತ ಒಬ್ಬೊಬ್ಬರು ಹೇಳ್ತಿದ್ವಿ, ಮಗನ ನೌಕರಿ, ಮಂಡಿನೋವು, ಹಿಂಗ. ಕಣ್ಣು ಮುಚ್ಚಿ ಪ್ರಾರ್ಥನಾ ಮಾಡಿ ಚಾ ಕುಡದು ಮನಿಗೆ. ಈಗ ಆಮೆನ್ ಅಂದ ಮ್ಯಾಲೆ ಒಂದು ಪ್ರಶ್ನೆ ಕೇಳ್ತೀವಿ: ಇವರ ಜೊತಿ ಯಾರ ಹೋಗ್ತೀರಿ? ಕೂಟ ಅರ್ಧಾ ತಾಸು ಉದ್ದಾ ಆಗೈತಿ. ಇದು ಪ್ರಾರ್ಥನಾ ಕೂಟೋ ಪಂಚಾಯ್ತಿನೋ ಅಂತ ಒಬ್ಬರು ಬರೂದ ಬಿಟ್ರು. ಇನ್ನೊಬ್ಬರ ಮನೀ ವಿಷಯ ಎಲ್ಲಾ ಬಯಲಿಗೆ ಬರತೈತಿ ಅನ್ನೂ ಅವರ ಮಾತಿನ್ಯಾಗೂ ಸುಳ್ಳಿಲ್ಲ, ಅದಕ್ಕಿನ್ನೂ ನಮಗ ದಾರಿ ಸಿಕ್ಕಿಲ್ಲ. ಆದ್ರ ಹೋದ ತಿಂಗಳು ಮಂಡಿನೋವಿನ ಬಾಯಾರನ್ನ ಕರಕೊಂಡು ಹೋಗಾಕ ಮೂರು ಮಂದಿ ಕೈ ಎತ್ತಿದ್ವಿ. ಬಾಯಾರು ಗಾಬರಿ ಆಗಿ, ನಂದೇನ ಅಷ್ಟು ಜೋರಿಲ್ಲವ್ವಾ ಅಂದ್ರು.

ಗಂಟಿನ ಮಾತು ಸ್ಪಷ್ಟ ಹೇಳಿಬಿಡ್ತೀನಿ, ನಾಚಿಕಿ ಬಿಟ್ಟು. ಎದಿಯಾಗ ಬರೂ ಗಂಟಿನ್ಯಾಗ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಂಗಂತ ಬಿಡೂದಲ್ಲ, ತೋರಿಸಿದ್ರನ ಯಾವುದು ಅಂತ ಗೊತ್ತಾಗೂದು. ನೋವಿಲ್ಲಂದ್ರ ಅಪಾಯಿಲ್ಲ ಅಂತ ನಾ ತಿಳದಿದ್ದು ಪೂರಾ ತಪ್ಪು, ಶುರುವಿಗೆ ನೋವು ಇಲ್ಲದs ಇರೂದು ಹೆಚ್ಚು. ಚರ್ಮಾ ಒಳಗ ಜಗ್ಗಿದ್ರ, ತೊಟ್ಟು ಒಳಗ ಹೋದ್ರ, ತೊಟ್ಟಿನಿಂದ ರಕ್ತಾ ಬಂದ್ರ, ಕಂಕಳದಾಗ ಗಂಟು ಹತ್ತಿದ್ರ ದಿನಾ ದೂಡಬ್ಯಾಡ್ರಿ. ನಮ್ಮ ದೇಶದಾಗ ಹೆಣ್ಮಕ್ಕಳಿಗೆ ಬರೂ ಕ್ಯಾನ್ಸರಿನ್ಯಾಗ ಇದs ಮೊದಲಿಂದು. ಸಣ್ಣದಿದ್ದಾಗ ಸಿಕ್ರ ಗುಣಾ ಆಗೂದೂ ಹೆಚ್ಚು. ಯಾರ ಜೊತಿ ಹೋಗ್ಲಿ ಅನ್ನೂ ಚಿಂತಿ ಇದ್ದಾಕಿ ನನಗ ಹೇಳ್ರಿ. ರೊಟ್ಟಿ ಬಡಿಯಾಕತ್ತಿದ್ರೂ ಹೇಳ್ರಿ.

ಗುರುವಾರ ಮತ್ತ ಆಕಿ ತಪಾಸಣಿ ಐತಿ. ಪ್ರತೀ ಸಲ ಹಿಂದಿನ ಎರಡು ದಿನಾ ಆಕಿ ಮಾತು ಕಡಿಮಿ ಆಗತೈತಿ, ನನಗೂ ಊಟಾ ಸೇರೂದಿಲ್ಲ. ಇವತ್ತ ಸಂಜಿಮುಂದ ಬಂದು ಅದs ಅಡಗಿಮನಿ ಬಾಗಲಾ ಹಿಡಕೊಂಡು ನಿಂತಿದ್ಲು. ನಾ ಗ್ಯಾಸ್ ಬಂದ್ ಮಾಡಿದೆ.

"ಈ ಸಲ ಏನಂತಾರೋ ಅಕ್ಕಾ."

"ನನಗೂ ಅದs ಹತ್ತೈತಿ. ಎಂಟರ ಚಿಗರಿ ಬಸ್ಸಿಗೆ ಹೋಗೂನು, ಜಾಗಾ ಸಿಗತೈತಿ."

"ಬುತ್ತಿ ನಾ ಕಟ್ತೀನ್ರಿ. ನಿಮ್ಮ ಕೈಯಾನ ಪಲ್ಲೆದಾಗ ಉಪ್ಪs ಇರೂದಿಲ್ಲ ಈಗ" ಅಂದ್ಲು.